ಮಳೆಯ ತಲೆಗೆ ಕಟ್ಟಿದ ಪುಟ

ಅಮ್ಮ ಮಗಳ ಒಂದು ಜಡೆ ಹೆಣೆದು ಇನ್ನೊಂದಕ್ಕೆ ಕೈ ಹಾಕಿದ್ದಳಷ್ಟೇ, ಬಾಗಿಲು ಬಡಿದ ಸದ್ದಾಯಿತು. ಊರಿನ ಚರಿತ್ರೆ ಸಮಿತಿಯ ಅಧ್ಯಕ್ಷರು ತಿದ್ದಿದ ಹಾಳೆ ಹಿಡಿದು ಒಳಗೆ ಬಂದವರೇ, ಇಸ್ತ್ರಿಗೆ ಇಟ್ಟ ಬಟ್ಟೆ ಸರಿಸಿ ಕುರ್ಚಿಯಲ್ಲಿ ಕೂತರು.

ಮಕ್ಕಳಿಗೂ ಅರ್ಥವಾಗುವಂತೆ ಚರಿತ್ರೆ ಬರೆಯುವ ಕೆಲಸ ಅಮ್ಮನದು. ಅಧ್ಯಕ್ಷರದೇ ಒಂದು ನಿಯಮವಿತ್ತು: ಪ್ರತಿ ಪುಟವನ್ನೂ ಒಂದು ಮಗುವಿಗೆ ಓದಿ ಹೇಳಬೇಕು, ಮಗು ಏನೂ ಕೇಳದಿದ್ದರೆ ಪುಟ ಪಾಸು. ಹತ್ತು ವರ್ಷದ ಮಗಳು ಈವರೆಗೆ ಹನ್ನೊಂದು ಪುಟ ಪಾಸು ಮಾಡಿದ್ದಳು, ಅದರಲ್ಲಿ ನಾಲ್ಕು ತೂಕಡಿಸುತ್ತ.

ಇವತ್ತಿನದು ಪ್ರವಾಹದ ಪುಟ. ಜಲಾಶಯದ ಗೇಟು ತೆಗೆಯಲು ಎಂಜಿನಿಯರ್ ಅಪ್ಪಣೆ ಕೊಡಲಿಲ್ಲ, ಕಟ್ಟೆ ಒಡೆದು ಕೆಳಗಿನ ಓಣಿಯ ನಲವತ್ತು ಜನ ಸತ್ತರು ಎಂದು ಅಮ್ಮ ಬರೆದಿದ್ದಳು. ಆ ಎಂಜಿನಿಯರ್ ಅಧ್ಯಕ್ಷರ ತಂದೆ. ಗೇಟಿನ ಕಾವಲುಗಾರ ಅಮ್ಮನ ತಂದೆ. ತಪ್ಪು ತನ್ನ ಮೇಲೆ ಬಿದ್ದು ಕೆಲಸ ಕಳೆದುಕೊಂಡ ಆತ ಸಾಯುವ ತನಕ ಆ ಓಣಿಯಲ್ಲಿ ತಲೆ ಎತ್ತಿ ನಡೆಯಲಿಲ್ಲ.

ತಿದ್ದಿದ ಪುಟದಲ್ಲಿ ಎಂಜಿನಿಯರ್ ಮಾಯ. ಮಳೆ ಆರ್ಭಟಿಸಿತ್ತು, ನೀರು ಮುನಿದಿತ್ತು, ಕಟ್ಟೆ ಕೈಚೆಲ್ಲಿತ್ತು. ಬೀಳ್ಕೊಡುಗೆ ಸಮಾರಂಭ ಮುಗಿಸಿ ಹೊರಟವರಂತೆ ನಲವತ್ತು ಜನ ‘ಅಗಲಿದ್ದರು’. ಇಡೀ ಪುಟದಲ್ಲಿ ತಪ್ಪು ಮಾಡಬಲ್ಲ ಮನುಷ್ಯ ಒಬ್ಬನೇ: ಗೇಟು ತೆಗೆಯಲು ‘ಮರೆತ’ ಕಾವಲುಗಾರ.

“ಎಲ್ಲಾ ಮಳೆ ತಲೆಗೆ ಕಟ್ಟಿದೀರಲ್ಲ ಸಾರ್,” ಎಂದಳು ಅಮ್ಮ.

“ಮಳೆ ಬೇಜಾರು ಮಾಡ್ಕೊಳ್ಳಲ್ಲಮ್ಮ. ಅದಕ್ಕೇನು ಮಕ್ಕಳಾ, ಮೊಮ್ಮಕ್ಕಳಾ?”

“ಕಾವಲುಗಾರನಿಗೆ ಇದಾರೆ.”

“ಅಯ್ಯೋ, ಹೆಸರೇ ಹಾಕಿಲ್ವಲ್ಲ! ಸುಮ್ನೆ ಓದು. ಮಧ್ಯಾಹ್ನ ಪ್ರೆಸ್‌ಗೆ ಕೊಡ್ಬೇಕು.”

ಅಮ್ಮ ಓದಿದಳು. ಮಗಳು ತುಟಿ ಬಿಗಿಹಿಡಿದು ಕೂತಿದ್ದಳು. ಪಾಸು ಎಂದು ಬರೆಯಲು ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದರು. ಖುಷಿಗೆ ನಾಲಿಗೆಯೂ ಸಡಿಲಾಯಿತು.

“ನಮ್ಮಪ್ಪಂದು ಎಂಥಾ ಶಿಸ್ತು ಗೊತ್ತಾ ಪುಟ್ಟಿ? ಗೇಟಿನ ಕೀಲಿಕೈ ಯಾರ ಕೈಗೂ ಕೊಡ್ತಿರಲಿಲ್ಲ. ಮಲಗುವಾಗಲೂ ದಿಂಬಿನ ಕೆಳಗೇ!”

ಮಗಳು ಅಮ್ಮನ ಮುಖ ನೋಡಿದಳು. ದೊಡ್ಡವರ ಮಾತಿಗೆ ಬಾಯಿ ಹಾಕಬೇಡವೆಂದು ಯಾವಾಗಲೂ ಸನ್ನೆ ಮಾಡುವ ಅಮ್ಮ ಈ ಸಲ ಮಾಡಲಿಲ್ಲ.

“ತಾತಾ, ಕೀಲಿಕೈ ನಿಮ್ಮಪ್ಪನ ದಿಂಬಿನ ಕೆಳಗಿದ್ರೆ, ನಮ್ಮಜ್ಜ ಮರೆತಿದ್ದು ಏನನ್ನ?”