ಹೊಟ್ಟೆ ಉರಿದರೂ ಕ್ಯಾಲೊರಿ

"ಬೆವರಲ್ಲೂ ಕಳ್ಳತನ ಮಾಡೋನ್ನ ಇವತ್ತೇ ಕಣ್ರೋ ನಾನು ನೋಡ್ತಿರೋದು!"

ಕೋಚ್ ಅಂದಿದ್ದು ಜಿಮ್ಮಿನ ಆ ಮೂಲೆಯಿಂದ ಈ ಮೂಲೆಗೆ ಕೇಳಿಸುವ ಹಾಗೆ. ಹಗ್ಗ ಬೀಸಿ, ಪೆಟ್ಟಿಗೆ ಹಾರಿ, ಕಬ್ಬಿಣದ ಗುಂಡೆತ್ತಿ ನೆಲಕ್ಕೆ ಬಿದ್ದಿದ್ದವರೆಲ್ಲ ತಲೆಯೆತ್ತಿದರು. ಗೋಡೆಯ ದೊಡ್ಡ ಪರದೆಯ ಮೇಲೆ ಎಲ್ಲರ ಹೆಸರು, ಹೆಸರಿನ ಮುಂದೆ ಎದೆಬಡಿತ, ಅದರ ಮುಂದೆ ಸುಟ್ಟ ಕ್ಯಾಲೊರಿ. ಎದೆಗೆ ಕಟ್ಟಿದ ಪಟ್ಟಿ ಬಡಿತ ಎಣಿಸುತ್ತದೆ. ಬಡಿತ ಜೋರಾದಷ್ಟೂ ಕ್ಯಾಲೊರಿ. ಉಳಿದವರ ಬಡಿತ ಆಗಲೇ ತೂಕಡಿಸತೊಡಗಿತ್ತು. 'ಟೈರ್' ಅನ್ನುವ ಹೆಸರಿನ ಮುಂದಿನದು ಮಾತ್ರ ಏರುತ್ತಲೇ ಇತ್ತು. ಆ ಹೆಸರಿನವನು ನೋಡಿದರೆ ಕಂಬದ ಹಾಗೆ ನಿಂತಿದ್ದ.

ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುವವನಿಗೆ ಇಲ್ಲಿ ಬಿದ್ದ ಹೆಸರು ಅದು. ಜಿಮ್ಮಿಗೆ ಒಬ್ಬ ಸಹಾಯಕ ಬೇಕಾಗಿದ್ದ. ಇವತ್ತು ಯಾರು ಹೆಚ್ಚು ಕ್ಯಾಲೊರಿ ಸುಡ್ತಾರೋ ಅವರಿಗೇ ಕೆಲಸ ಎಂದು ಕೋಚೇ ಸಾರಿದ್ದ. ಇವನಿಗೆ ಆ ಕೆಲಸ ಬೇಕಿತ್ತು, ಮುಳುಗುವವನಿಗೆ ಉಸಿರು ಬೇಕಾಗುವ ಹಾಗೆ. ಆದರೆ ಮೊದಲಿಂದಲೂ ಒಂದು ಅನುಮಾನ ಒಳಗೇ ಕೊರೆಯುತ್ತಿತ್ತು. ಎದುರಾಳಿ ಕೋಚ್‌ನ ಹೆಂಡತಿಯ ತಮ್ಮ. ಆ ಭಾಮೈದ ಪೆಟ್ಟಿಗೆಯ ಮೇಲೆ ಹಾರಿದ್ದಿಲ್ಲ. ಸ್ವಂತ ಮನೆಯ ಮಹಡಿ ಹತ್ತುವವನಂತೆ ಒಂದೊಂದೇ ಕಾಲಿಟ್ಟು ಹತ್ತಿ ಇಳಿದಿದ್ದ. ಅದಕ್ಕೂ ಭಾವನ ಕಡೆಯಿಂದ "ಭೇಷ್!" ಆವಾಗಿನಿಂದ ಇವನಿಗೆ ಒಳಗೆ ಕುದಿ ಇಳಿದಿರಲಿಲ್ಲ.

"ಪಟ್ಟಿಗೆ ಏನೋ ಮಾಡಿದ್ದೀಯ. ಬಿಚ್ಚು ಅದನ್ನ."

"ನಾನ್ಯಾಕ್ ಮಾಡ್ಲಿ ಸಾರ್? ಪಟ್ಟಿ ಹಂಚಿದ್ದು ನಿಮ್ಮ ಭಾಮೈದ. ಅವನ್ನೇ ಕೇಳಿ."

"ನಾಲಿಗೆ ನೋಡು ಇವನ್ದು!"

ಕೋಚ್ ಇಬ್ಬರ ಪಟ್ಟಿಯನ್ನೂ ಬಿಚ್ಚಿಸಿ ಅದಲುಬದಲು ಮಾಡಿಸಿದ. ಇವನ ಪಟ್ಟಿ ಭಾಮೈದನ ಎದೆಗೆ ಹೋಗಿ ಹಾಲು ಕುಡಿದ ಮಗುವಿನಂತೆ ತಣ್ಣಗಾಯಿತು. ಭಾಮೈದನದು ಇವನ ಎದೆಗೆ ಬಂದದ್ದೇ ತಡ, ಭಾಮೈದನ ಹೆಸರಿನ ಮುಂದೆ ಅಂಕಿ ಜಿಗಿಯಿತು.

"ಭಾವ, ನಂದು ಏರ್ತಾ ಇದೆ!"

"ಮುಚ್ಚೋ ಬಾಯಿ. ಅದು ಅವನ ಎದೆ."

ಪಟ್ಟಿಗಳು ಅವರವರಿಗೆ ವಾಪಸು ಬಂದವು. ಕೋಚ್ ಇವನ ಕಣ್ಣೊಳಗೆ ಇಣುಕಿದ. "ಏನಾದ್ರೂ ನುಂಗ್ಕೊಂಡು ಬಂದಿದ್ದೀಯೇನೋ? ಮಾತ್ರೆ? ಪುಡಿ?"

ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಹೆಂಗಸು, ಆಸ್ಪತ್ರೆಯಲ್ಲಿ ನರ್ಸು, ಕೈಯೆತ್ತಿದಳು. "ಒಂದ್ನಿಮಿಷ ಸುಮ್ನಿರಿ ಸಾರ್. ನೀವು ಬಾಯಿ ಬಿಟ್ಟಾಗ್ಲೆಲ್ಲ ಅವನ ಬಡಿತ ಏರ್ತಿದೆ. ಮುಚ್ಚಿದ್ರೆ ಇಳೀತಿದೆ. ಬೇಕಾದ್ರೆ ನೋಡಿ."

ಕೋಚ್ ಬಾಯಿ ಮುಚ್ಚಿದ. ಅಂಕಿ ಮೆಲ್ಲಗೆ ಇಳಿಯಿತು. ಪರೀಕ್ಷೆಗೆಂದು, ತೀರಾ ಮೆತ್ತಗೆ, "ಕಳ್ಳ" ಎಂದ. ಅಂಕಿ ಚಿಮ್ಮಿತು.

ಇಡೀ ಜಿಮ್ಮು ಘೊಳ್ಳೆಂದು ನಕ್ಕಿತು.

"ಹೊಟ್ಟೆ ಉರಿ ಕಣ್ರೀ ಇದು! ಹೊಟ್ಟೆ ಉರಿದ್ರೂ ಕ್ಯಾಲೊರಿ ಖರ್ಚಾಗೋ ಹಾಗಿದ್ರೆ ನಮ್ಮತ್ತೆ ಯಾವತ್ತೋ ಕಡ್ಡಿ ಆಗ್ಬೇಕಿತ್ತು!" ಎಂದು ಗುಂಪಿನಲ್ಲಿ ಯಾರೋ ಕೂಗಿದರು.

ಆಮೇಲೆ ಅದೊಂದು ಆಟವೇ ಆಗಿಹೋಯಿತು. "ಪಂಕ್ಚರ್!" ಎಂದ ಒಬ್ಬ. ಏರಿತು. "ಕೆಲಸ ಭಾಮೈದಂಗೇ!" ಎಂದ ಇನ್ನೊಬ್ಬ. ಇನ್ನೂ ಏರಿತು.

ಅಂಗಡಿಯಲ್ಲಿ ಎಂತೆಂಥ ಗಿರಾಕಿಗಳ ಎಂತೆಂಥ ಮಾತನ್ನು ಅವನು ಮುಖದ ಒಂದು ಗೆರೆ ಅಲುಗಿಸದೆ ನುಂಗಿದ್ದ! ಅವನಿಗಿದ್ದ ಆಸ್ತಿ ಆ ಮುಖವೊಂದೇ. ಈಗಲೂ ಅದು ಕಲ್ಲಿನ ಹಾಗೇ ಇತ್ತು. ಆದರೆ ಅದರ ಹಿಂದೆ ಬಚ್ಚಿಟ್ಟದ್ದನ್ನೆಲ್ಲ ಯಾರೋ ಕಿತ್ತು ತಂದು ಗೋಡೆಗೆ ಬಡಿದಿದ್ದರು. ಆ ನರ್ಸು ಕಾಪಾಡಿದಳೋ, ಹರಾಜಿಗಿಟ್ಟಳೋ? ನಾಲ್ಕು ಜನರೆದುರು ತನ್ನನ್ನು ಹಿಡಿದುಕೊಟ್ಟ ಸ್ವಂತ ಎದೆಯ ಮೇಲೂ ಅವನಿಗೆ ನಂಬಿಕೆ ಹೋಯಿತು.

ಕೋಚ್ ನಕ್ಕು ನಕ್ಕು ಕಣ್ಣೊರೆಸಿಕೊಂಡು ಹತ್ತಿರ ಬಂದ. ಹೆಗಲ ಮೇಲೆ ಕೈ ಹಾಕಿದ. "ತಮಾಷೆಗಂದೆ ಕಣೋ ಮಾರಾಯ. ಹೇಗಾದ್ರೂ ಸುಡು, ಸುಟ್ಟಿದ್ದು ಸುಟ್ಟಿದ್ದೇ. ಕೆಲಸ ನಿಂದು. ಸೋಮವಾರದಿಂದ ಬರ್ತೀಯ ತಾನೇ?"

ನಿಜವಾಗಿ ಕೇಳುತ್ತಿದ್ದಾನೋ, ಇದೂ ಅಂಕಿ ಕುಣಿಸುವ ಇನ್ನೊಂದು ಮಾತೋ? ಅವನು ಕೋಚ್‌ನ ಮುಖ ನೋಡಿದ. ಕೋಚ್ ಇವನ ಮುಖ ನೋಡುತ್ತಿರಲಿಲ್ಲ. ಭಾಮೈದನೂ ಇಲ್ಲ, ನರ್ಸೂ ಇಲ್ಲ. ಕೆಲಸ ಕೊಟ್ಟವನೂ ಸೇರಿ ಎಲ್ಲರೂ ಉತ್ತರಕ್ಕಾಗಿ ಪರದೆ ನೋಡುತ್ತಿದ್ದರು.

ಅವನು ಅಂಗಿಯೊಳಗೆ ಕೈ ತೂರಿಸಿ ಪಟ್ಟಿ ಬಿಚ್ಚಿದ. ತೊಯ್ದು ತೊಪ್ಪೆಯಾಗಿದ್ದ ಅದನ್ನು ಕಬ್ಬಿಣದ ಗುಂಡುಗಳ ಪಕ್ಕ ಇಟ್ಟ. ಪರದೆಯಲ್ಲಿ ಅವನ ಬಡಿತವಿದ್ದ ಜಾಗದಲ್ಲಿ ಒಂದು ಅಡ್ಡಗೆರೆ ಬಂತು.

"ಏಯ್, ಕೇಳಿದ್ದಕ್ಕೆ ಹೇಳಿ ಹೋಗೋ!"

ಹೊರಗೆ ಮೆಟ್ಟಿಲ ಮೇಲೆ ಮುಂದಿನ ತಂಡದವರು ಸಾಲಾಗಿ ಕೂತು ಬೂಟಿನ ಲೇಸು ಬಿಗಿಯುತ್ತಿದ್ದರು. ಒಬ್ಬ ತಲೆಯೆತ್ತದೆಯೇ ಮೊಣಕಾಲು ಪಕ್ಕಕ್ಕೆ ಸರಿಸಿದ. ಅಷ್ಟು ಸಂದಿಯಲ್ಲಿ ಅವನು ಇಳಿದು ಹೋದ.