ಮನೆ ಸೇರುವ ತನಕದ ಚಾರ್ಜು

"ಸವಾರಿ ಎಷ್ಟು ಹೊತ್ತಿಂದು, ಮೇಡಂ?"

ಅಂಗಡಿಯವನು ಕೇಳಿದ್ದು ತೀರ ಸರಳವಾದ ಪ್ರಶ್ನೆ. ಆದರೂ ಅವಳು ಉತ್ತರ ಹೇಳಲಾರದೆ ಗಾಜಿನ ಪೆಟ್ಟಿಗೆಯೊಳಗೆ ಸಾಲಾಗಿ ಕೂತಿದ್ದ ಸೈಕಲ್ ಕ್ಯಾಮೆರಾಗಳನ್ನು ನೋಡುತ್ತ ನಿಂತಳು. ಬೆಂಕಿಪೊಟ್ಟಣದಷ್ಟಿದ್ದದ್ದು ಒಂದು, ಸೀಟಿನ ಕೆಳಗೆ ಸಿಕ್ಕಿಸುವ ಕೆಂಪು ದೀಪದ್ದು ಇನ್ನೊಂದು, ಸಾಬೂನಿನ ಬಿಲ್ಲೆಯಂತೆ ದಪ್ಪಗಿದ್ದದ್ದು ಮತ್ತೊಂದು.

"ಬೆಳಿಗ್ಗೆ ತಿಂಡಿ ಮುಗಿಸಿ ಹೊರಡ್ತಾರೆ," ಅಂದಳು. "ವಾಪಸ್ ಬರೋದು ಒಂದೊಂದು ದಿನ ಒಂದೊಂದು ಹೊತ್ತು."

"ಯಾರು, ಮಗನಾ?"

"ಅಪ್ಪ."

ಅಂಗಡಿಯವನು ತಲೆ ಎತ್ತಿದ. ಅವನಲ್ಲಿಗೆ ಬರುವವರು ಮೈಗಂಟುವ ಅಂಗಿ ತೊಟ್ಟು ಗಾಳಿಯ ಜೊತೆ ಪಂದ್ಯ ಕಟ್ಟಿದಂತೆ ಸೈಕಲ್ ಓಡಿಸುವ ಹುಡುಗರು. ಅವರಿಗೆ ಬೇಕಾದದ್ದು ಚಿತ್ರದ ಸೊಗಸು. ಈಕೆ ಮಾತ್ರ ಬಂದಾಗಿನಿಂದ ಬ್ಯಾಟರಿಯ ಜಪ ಮಾಡುತ್ತಿದ್ದಳು.

"ಈ ಚಿಕ್ಕದರಲ್ಲಿ ಚಿತ್ರ ಕನ್ನಡಿ ಥರ ಬರುತ್ತೆ. ಎದುರು ಬರೋ ಡ್ರೈವರ್ ಮೀಸೆ ಕೂಡ ಎಣಿಸಬಹುದು. ಆದ್ರೆ ಊಟದ ಹೊತ್ತಿಗೆ ಮಲಗಿಬಿಡುತ್ತೆ. ಈ ದಪ್ಪಂದು ಬೆಳಗಿಂದ ಸಂಜೆ ತನಕ ಓಡುತ್ತೆ, ಚಿತ್ರ ಅಷ್ಟಕ್ಕಷ್ಟೆ. ಎರಡೂ ಒಂದರಲ್ಲೇ ಬೇಕು ಅಂದ್ರೆ ಅಂಥದ್ದು ಇನ್ನೂ ಹುಟ್ಟಿಲ್ಲ."

"ಅವರು ಮನೆ ಸೇರೋ ತನಕ ಆರಬಾರದು," ಅಂದಳು. "ಅಷ್ಟೇ ನನಗೆ ಬೇಕಾಗಿರೋದು."

ದಪ್ಪನೆಯದು ಚೀಲ ಸೇರಿತು.

ಅಪ್ಪ ಹೊತ್ತಿಗೆ ಸರಿಯಾಗಿ ಮನೆಗೆ ಬಾರದೆ ಇರುವುದು ಶುರುವಾಗಿ ಬಹಳವೇನೂ ಆಗಿರಲಿಲ್ಲ. ಮೊದಲ ಸಲ ಕತ್ತಲಾದ ಮೇಲೆ ಬಂದವನು ಟೈರು ಪಂಕ್ಚರ್ ಆಯಿತೆಂದ. ಅವಳು ಒತ್ತಿ ನೋಡಿದರೆ ಎರಡೂ ಟೈರು ಕಲ್ಲಿನಂತಿದ್ದವು, ತೇಪೆಯ ಗುರುತೇ ಇರಲಿಲ್ಲ. ಎರಡನೆಯ ಸಲ, ಹಳೆಯ ಗೆಳೆಯ ಸಿಕ್ಕು ಮಾತಿಗೆ ಎಳೆದ ಎಂದ. ಆ ಗೆಳೆಯ ತೀರಿಕೊಂಡಾಗ ಅವನ ದೊಡ್ಡ ಫೋಟೋಗೆ ಚೌಕಟ್ಟು ಹಾಕಿಸಿಕೊಟ್ಟವನು ಅಪ್ಪನೇ. ಅವಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತಳು.

ಬೇರೆ ಊರಿನಲ್ಲಿದ್ದ ಅಣ್ಣ ಫೋನಿನಲ್ಲಿ ಒಂದೇ ಮಾತು ಆಡಿದ. "ಭಾನುವಾರ ಬರ್ತೀನಿ. ಸೈಕಲ್ ತಗೊಂಡು ಹೋಗ್ತೀನಿ."

ಅಣ್ಣ ಕೆಟ್ಟವನಲ್ಲ. ದೂರದಲ್ಲಿದ್ದವರಿಗೆ ಎಲ್ಲವೂ ಒಂದು ಏಟಿಗೆ ಮುಗಿಯುವ ಕೆಲಸದಂತೆ ಕಾಣುತ್ತದೆ, ಅಷ್ಟೆ. ಅಮ್ಮ ಹೋದ ಮೇಲೆ ಗೋಡೆಯ ಕಡೆ ಮುಖ ಹಾಕಿ ಮಲಗಿಬಿಟ್ಟಿದ್ದ ಅಪ್ಪನನ್ನು ಮಂಚದಿಂದ ಎಬ್ಬಿಸಿದ್ದು ಈ ಸೈಕಲ್ಲೇ ಎಂಬುದನ್ನು ಅವನು ಕಣ್ಣಾರೆ ಕಂಡವನಲ್ಲ. ಅದನ್ನೂ ಕಿತ್ತುಕೊಂಡರೆ ಅಪ್ಪ ಮತ್ತೆ ಗೋಡೆ ಕಡೆ ತಿರುಗುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಹಾಗೆಂದು ಬಿಟ್ಟರೆ, ಒಂದು ದಿನ ಬಾರದೇ ಹೋದರೆ? ಅಪ್ಪ ಸರಿಯಾಗಿ ಹೋಗಿ ಸರಿಯಾಗಿ ಬರುತ್ತಾನೆ ಎಂದು ಅಣ್ಣನಿಗೆ ತೋರಿಸಬೇಕಿತ್ತು. ಅದಕ್ಕಿಂತ ಮೊದಲು ಅವಳಿಗೇ ಅದು ಗೊತ್ತಾಗಬೇಕಿತ್ತು.

"ಹಿಂದಿಂದ ಯಾರಾದ್ರೂ ಗುದ್ದಿ ಓಡಿಹೋದ್ರೆ ಸಾಕ್ಷಿ ಇರುತ್ತೆ ಅಪ್ಪ," ಎಂದು ಕುಂಟು ನೆಪ ಹೇಳಿ ಪೊಟ್ಟಣ ಮುಂದಿಟ್ಟಳು.

ಅಪ್ಪ ಕ್ಯಾಮೆರಾವನ್ನು ಅಂಗೈಯಲ್ಲಿ ತೂಗಿ ನೋಡಿದ. ಒಂದು ಕಾಲಕ್ಕೆ ಪೇಟೆಬೀದಿಯಲ್ಲಿ ಅವನ ಫೋಟೋ ಸ್ಟುಡಿಯೋ ಇತ್ತು. ಊರಿನ ಮದುವೆಯ ಜೋಡಿಗಳೂ ಪಾಸ್‌ಪೋರ್ಟಿನ ಗಂಭೀರ ಮುಖಗಳೂ ಅವನ ದೀಪದ ಕೆಳಗೆ ಕೂತು ಎದ್ದಿದ್ದವು. ಶಾಲೆಗಳ ಗುಂಪು ಫೋಟೋಗೆ ಹೋದರೆ ಮೈಕು ಬೇಕಿರಲಿಲ್ಲ. "ಹಿಂದೆ ಇರೋರು ಸ್ವಲ್ಪ ಮುಂದೆ ಬನ್ನಿ! ಯಾರೂ ಕಣ್ಣು ಮಿಟುಕಿಸಬೇಡಿ!" ಎಂದು ಅವನು ಕೂಗಿದರೆ ಮೈದಾನದ ಆಚೆ ಇದ್ದವರೂ ಕಣ್ಣು ಅಗಲಿಸುತ್ತಿದ್ದರು.

"ಲೆನ್ಸು ಏನೋ ಪರವಾಗಿಲ್ಲ," ಅಂದ. ಅವಳು ಸ್ಪ್ಯಾನರ್ ಎತ್ತಿಕೊಂಡದ್ದೇ ತಡ, ಅವನ ಮೂಗಿನ ತುದಿಗೆ ಕೋಪ ಬಂತು. "ಕ್ಯಾಮೆರಾ ಹೇಗೆ ನಿಲ್ಲಿಸಬೇಕು ಅಂತ ನೀನು ನನಗೆ ಹೇಳಿಕೊಡ್ತೀಯಾ, ಪುಟ್ಟಿ?"

ಅವಳು ಸ್ಪ್ಯಾನರನ್ನು ಅವನ ಕೈಗೆ ಕೊಟ್ಟಳು. ಅಪ್ಪನೇ ಅದನ್ನು ಹ್ಯಾಂಡಲಿಗೆ ಬಿಗಿದ.

ಮರುದಿನ ಸಂಜೆ ಅಪ್ಪ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದಾಗ ಅವಳು ಕೋಣೆಯಲ್ಲಿ ಕೂತು ಲ್ಯಾಪ್‌ಟಾಪಿಗೆ ಕ್ಯಾಮೆರಾ ಜೋಡಿಸಿದಳು. ಪರದೆಯ ಮೇಲೆ ರಸ್ತೆ ಬರಲಿಲ್ಲ. ಅಪ್ಪನ ಮುಖ ಬಂತು. ಅವಳು ಹಣೆ ಚಚ್ಚಿಕೊಂಡಳು. ಲೆನ್ಸನ್ನು ಸವಾರನ ಕಡೆ ತಿರುಗಿಸಿ ಕೂರಿಸಿಬಿಟ್ಟಿದ್ದ! ಆಮೇಲೆ ನಗು ಬಂತು. ಬದುಕಿಡೀ ಕ್ಯಾಮೆರಾ ಹಿಡಿದವನಿಗೆ ಅದು ನೋಡಬೇಕಾದದ್ದು ಮುಖವನ್ನು. ರಸ್ತೆಯ ಫೋಟೋ ತೆಗೆಸಲು ಯಾರೂ ಅವನ ಸ್ಟುಡಿಯೋ ಮೆಟ್ಟಿಲು ಹತ್ತಿರಲಿಲ್ಲ.

ಅವಳು ಬೇಗ ಬೇಗ ಓಡಿಸಿ ನೋಡಿದಳು. ಅಪ್ಪ ಶಿಳ್ಳೆ ಹಾಕುತ್ತಿದ್ದ. ಯಾರಿಗೋ ತಲೆ ಬಾಗಿಸಿ ನಕ್ಕ. ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಔಷಧಿ ಅಂಗಡಿ. ಅದರ ಎದುರಿನ ಕಲ್ಲುಬೆಂಚಿನ ಮೇಲೆ ಬಹಳ ಹೊತ್ತು ಕೂತ. ಆಮೇಲೆ ಮತ್ತೆ ಸೈಕಲ್ ಹತ್ತಿದ. ಇಷ್ಟು ಹಾಯಾಗಿದ್ದ ಅಪ್ಪನನ್ನು ಅವಳು ಮನೆಯಲ್ಲಿ ಕಂಡು ಎಷ್ಟೋ ಕಾಲವಾಗಿತ್ತು. ಅಣ್ಣನಿಗೆ ಇದನ್ನೇ ಕಳಿಸಿದರೂ ಸಾಕು ಅನ್ನಿಸಿತು.

ಅಷ್ಟರಲ್ಲಿ ಸೈಕಲ್ ನಿಂತಿತು. ಅಪ್ಪನ ಹೆಗಲ ಹಿಂದೆ ನೀರಿನ ಟ್ಯಾಂಕಿನ ದುಂಡನೆ ಹೊಟ್ಟೆ ಕಾಣುತ್ತಿತ್ತು. ಮನೆಯಿಂದ ಕೂಗಳತೆಯ ದೂರದ ಸರ್ಕಲ್ ಅದು. ಅಪ್ಪ ಎಡಕ್ಕೆ ನೋಡಿದ. ಬಲಕ್ಕೆ ನೋಡಿದ. ಮತ್ತೆ ಎಡಕ್ಕೆ. ಮುಖದ ಮೇಲಿನ ನಗು ಮೆಲ್ಲಗೆ ಇಳಿದು ಹೋಯಿತು. ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿ ಹಾಕಿಕೊಂಡ. ಕನ್ನಡಕದ ತಪ್ಪಲ್ಲ ಎಂದು ಅವನಿಗೇ ಗೊತ್ತಾದದ್ದು ಕಂಡಿತು. ಅಪ್ಪ ಹೆದರಿದ್ದ. ಅವನನ್ನು ಹಾಗೆ ಅವಳು ಎಂದೂ ಕಂಡಿರಲಿಲ್ಲ, ಅಮ್ಮನ ಆಸ್ಪತ್ರೆಯ ದಿನಗಳಲ್ಲೂ.

ಅವನು ಬಗ್ಗಿ ನೇರ ಲೆನ್ಸಿನೊಳಗೆ ನೋಡಿದ. ಮುಖ ಪರದೆಯ ತುಂಬ ಬಂತು.

"ಪುಟ್ಟಿ," ಅಂದ, ಮೆಲ್ಲಗೆ. "ಎಡಕ್ಕಾ, ಬಲಕ್ಕಾ?"

"ಬಲಕ್ಕೆ ಅಪ್ಪ," ಅಂದುಬಿಟ್ಟಳು.

ಪರದೆಯೊಳಗೆ ಅಪ್ಪ ಉತ್ತರಕ್ಕಾಗಿ ಕಾಯುತ್ತಲೇ ಇದ್ದ. ಕಡೆಗೆ ಪಕ್ಕದ ಬೀದಿಯ ಹಾಲಿನವನ ಗಾಡಿ ಹಾದುಹೋಯಿತು. ಅದರ ಬೆನ್ನು ಹಿಡಿದು ಹೊರಟ.

"ಮನೆ ಸೇರೋ ತನಕ ಚಾರ್ಜು ಇತ್ತಾ?" ಅಡುಗೆಮನೆಯಿಂದ ಅಪ್ಪ ಕೂಗಿ ಕೇಳಿದ.

"ಇತ್ತು," ಎಂದಳು, ಲ್ಯಾಪ್‌ಟಾಪು ಮುಚ್ಚುತ್ತ.

ಫೋನಿನಲ್ಲಿ ಅಣ್ಣನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ದಾರಿ ತಪ್ಪೋದು ನಿಜ ಅಣ್ಣ. ಆದ್ರೂ ಸೈಕಲ್ ತಗೊಂಡು ಹೋಗ್ಬೇಡ."

"ಮತ್ತೆ? ಕ್ಯಾಮೆರಾ ಬಂದು ದಾರಿ ಹೇಳುತ್ತಾ?"

"ನಾನು ಹಿಂದೆ ಹೋಗ್ತೀನಿ. ನಮ್ಮ ಕ್ಲಿನಿಕ್‌ನಲ್ಲಿ ಬೆಳಗಿನ ಪಾಳಿ ಬಿಟ್ಟು ಮಧ್ಯಾಹ್ನದ ಪಾಳಿ ಕೇಳಿದ್ದೀನಿ. ಕೊಡ್ತೀನಿ ಅಂದಿದ್ದಾರೆ ಡಾಕ್ಟ್ರು."

"ಎಷ್ಟು ದಿನ ಅಂತ ಹೋಗ್ತೀಯಾ?"

"ಆಗೋ ತನಕ," ಎಂದಳು. ಅಣ್ಣ, "ನೋಡು ಹಾಗಾದ್ರೆ. ನಿಭಾಯಿಸೋಕೆ ಆಗದಿದ್ರೆ ಹೇಳು," ಎಂದ.

ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿದ್ದ ತನ್ನ ಕಾಲೇಜಿನ ಕಾಲದ ಸೈಕಲ್ಲನ್ನು ಎಳೆದು, ಗಾಳಿ ತುಂಬಿ, ಸೀಟು ಒರೆಸಿ ಸಿದ್ಧ ಮಾಡಿದಳು. ಬೆಳಿಗ್ಗೆ ಅಪ್ಪ ಬೀದಿಯ ತಿರುವು ದಾಟುವ ತನಕ ಕಾದು ಹಿಂದೆ ಹೊರಟಳು. ಕಳ್ಳಿಯ ಹಾಗೆ ಅಂಗಡಿಗಳ ನೆರಳಿನಲ್ಲಿ, ದೂರ ಬಿಟ್ಟು. ಅಪ್ಪ ಶಿಳ್ಳೆ ಹಾಕಿದ, ತಲೆ ಬಾಗಿಸಿದ, ಬೆಂಚಿನ ಮೇಲೆ ಕೂತ. ಒಂದು ಸಲವೂ ಹಿಂದೆ ತಿರುಗಲಿಲ್ಲ.

ಟ್ಯಾಂಕಿನ ಸರ್ಕಲ್ಲಿನಲ್ಲಿ ಸೈಕಲ್ ನಿಂತಿತು. ಅವಳೂ ಅಲ್ಲೇ ನಿಲ್ಲಿಸಿದ್ದ ವ್ಯಾನೊಂದರ ಮರೆಯಲ್ಲಿ ಕಾಲೂರಿದಳು. ಅಪ್ಪ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಕೈ ಕನ್ನಡಕಕ್ಕೆ ಹೋಯಿತು. ಹೋಗಲೇ, ಬೇಡವೇ ಎಂದು ಅವಳು ಬ್ರೇಕು ಬಿಗಿಹಿಡಿದಳು. ಎದುರು ಹೋಗಿ ನಿಂತರೆ ಅಪ್ಪನಿಗೆ ಎಷ್ಟು ಅವಮಾನ.

ಅಪ್ಪ ಹ್ಯಾಂಡಲಿನ ಕಡೆ ಬಗ್ಗಿದ. ಶಾಲೆಯ ಮೈದಾನ ತುಂಬುತ್ತಿದ್ದ ಆ ಹಳೆಯ ದನಿ ಸರ್ಕಲ್ಲಿನಲ್ಲಿ ಎದ್ದಿತು.

"ಹಿಂದೆ ಇರೋರು ಸ್ವಲ್ಪ ಮುಂದೆ ಬನ್ನಿ!"

ಹೂವಿನ ಬುಟ್ಟಿಯವಳೊಬ್ಬಳು ಬೆಚ್ಚಿ ತಿರುಗಿದಳು. ಮಗಳು ಸೈಕಲ್ ತಳ್ಳಿಕೊಂಡು ಹೋಗಿ ಅಪ್ಪನ ಪಕ್ಕ ನಿಂತಳು.

"ನಿನ್ನ ಚೈನಿಗೆ ಎರಡು ಹನಿ ಎಣ್ಣೆ ಬಿಡೋದಲ್ವಾ?" ಅಪ್ಪ ಅವಳ ಮುಖ ನೋಡದೆ ಅಂದ. "ಬೆಳಗಿಂದ ಕಿರ್ರೋ ಅಂತ ನನ್ನ ಕಿವಿ ತಿಂದುಬಿಟ್ಟೆ."

ಕ್ಯಾಮೆರಾದ ಹಸಿರು ದೀಪ ಉರಿಯುತ್ತಿತ್ತು. ಅಪ್ಪ ಎರಡು ಬೆರಳಿನಲ್ಲಿ ಅದನ್ನು ಕೂದಲೆಳೆಯಷ್ಟು ಅವಳ ಕಡೆ ತಿರುಗಿಸಿ, ತಲೆ ವಾರೆ ಮಾಡಿ ಅಳತೆ ನೋಡಿ, ಇಬ್ಬರೂ ಅದರೊಳಗೆ ಬಂದೆವೆಂದು ಸಮಾಧಾನವಾದ ಮೇಲೆ ನೆಟ್ಟಗಾದ.

"ಕಣ್ಣು ಒರೆಸಿಕೋ. ಫೋಟೋದಲ್ಲಿ ಚೆನ್ನಾಗಿ ಬರಲ್ಲ," ಅಂದ. "ಹ್ಞೂಂ, ಹೇಳು ಈಗ."

ಅವಳು ಬಲಗೈ ಚಾಚಿದಳು.