ಅಕ್ಕನ ಹೆಸರಿನ ಮಾತ್ರೆ

ವಿಮೆ ಏಜೆಂಟ್ ಫೋನ್ ಮಾಡದೆ ತಾನೇ ಬಂದರಿನ ಕ್ಯಾಂಟೀನಿಗೆ ಬಂದ. ಮೊದಲು ಅದೇ ಬಂದರಿನಲ್ಲಿ ಲಾರಿಗಳ ತೂಕ ಬರೆದುಕೊಳ್ಳುವ ಗುಮಾಸ್ತನಾಗಿದ್ದವನು, ಹಾಗಾಗಿ ಗೇಟಿನಲ್ಲಿ ಯಾರೂ ತಡೆಯಲಿಲ್ಲ. ಕ್ರೇನಕ್ಕ ಮೂಲೆಯ ಮೇಜಿನಲ್ಲಿ ಚಹಾ ಮುಂದಿಟ್ಟುಕೊಂಡು ಕೂತಿದ್ದಳು. ಕ್ರೇನ್ ನಡೆಸುವ ಹೆಂಗಸು ಅಲ್ಲಿ ಅವಳೊಬ್ಬಳೇ ಆದ್ದರಿಂದ ಆ ಹೆಸರು. ಮೇಲ್ವಿಚಾರಕನೂ ಹಾಗೆಯೇ ಕರೆಯುತ್ತಿದ್ದ.

“ಅಕ್ಕ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ,” ಎಂದ ಏಜೆಂಟ್. “ನಿಮಗೆ ಫಿಟ್ಸ್ ಬರುತ್ತಾ?”

“ನನಗಾ? ಹತ್ತು ಮಹಡಿ ಎತ್ತರದಲ್ಲಿ ಕೂತು ಕಂಟೈನರ್ ಎತ್ತೋಳು ನಾನು. ಫಿಟ್ಸ್ ಬರೋ ಹಾಗಿದ್ರೆ ನೀವು ಇಲ್ಲಿ ತೂಕ ಬರೀತಿದ್ದಾಗಲೇ ಒಂದು ನಿಮ್ಮ ತಲೆ ಮೇಲೆ ಬಿದ್ದಿರೋದು.”

“ನನಗೂ ಅದಕ್ಕೇ ನಂಬಿಕೆ ಬರಲಿಲ್ಲ.”

ಜೀವವಿಮೆಗೆ ಅರ್ಜಿ ಹಾಕಿದಾಗ ಮಾಡಿಸಿದ ರಕ್ತ, ಇಸಿಜಿ, ಎದೆಯ ಎಕ್ಸ್‌ರೇ ಎಲ್ಲ ಸರಿಯಾಗಿಯೇ ಬಂದಿದ್ದವು. ಅರ್ಜಿ ಬಿದ್ದುಹೋದದ್ದು ಬೇರೆ ಕಡೆ. ಅರ್ಜಿದಾರರು ಈ ಹಿಂದೆ ಪಡೆದ ಔಷಧಿಗಳ ವಿವರವನ್ನು ಕಂಪನಿ ತರಿಸಿಕೊಳ್ಳಬಹುದು ಎಂಬ ಸಾಲಿನ ಕೆಳಗೆ ಅವಳು ಸಹಿ ಹಾಕಿದ್ದಳು. ಕಂಪನಿ ತರಿಸಿಕೊಂಡಿತ್ತು.

“ಏಳು ವರ್ಷದ್ದು ಬಂದಿದೆ. ಪ್ರತಿ ತಿಂಗಳು ನಿಮ್ಮ ಹೆಸರಿಗೆ ಎರಡು ಬಗೆಯ ಫಿಟ್ಸ್ ಮಾತ್ರೆ. ಒಂದು ತಿಂಗಳೂ ತಪ್ಪಿಲ್ಲ. ನಿಮ್ಮಷ್ಟು ಶಿಸ್ತಿನ ರೋಗೀನ ಅವರು ಕಂಡೇ ಇಲ್ವಂತೆ.” ಅವನು ನಗಲು ಹೋಗಿ ಬಿಟ್ಟ. “ಅರ್ಜೀಲಿ ಫಿಟ್ಸ್‌ಗೆ ಚಿಕಿತ್ಸೆ ತಗೊಂಡಿದ್ದೀರಾ ಅನ್ನೋದಕ್ಕೆ ಇಲ್ಲ ಅಂತ ಹಾಕಿದ್ದೀರಿ. ಸುಳ್ಳು ಹೇಳಿದ್ದಾರೆ ಅಂತ ಅವರ ಮಾತು.”

ಕ್ರೇನಕ್ಕ ಲೋಟವನ್ನು ಪಕ್ಕಕ್ಕೆ ಸರಿಸಿದಳು.

“ಅದು ನನ್ನ ತಮ್ಮಂದು,” ಎಂದಳು.

ಬಂದರಿನ ಆರೋಗ್ಯ ಕಾರ್ಡು ಕೆಲಸಗಾರರಿಗೆ, ಅವರ ಗಂಡ ಅಥವಾ ಹೆಂಡತಿಗೆ, ಮಕ್ಕಳಿಗೆ ಅನ್ವಯಿಸುತ್ತಿತ್ತು. ಒಡಹುಟ್ಟಿದವರಿಗೆ ಇಲ್ಲ. ಕ್ರೇನಕ್ಕನಿಗೆ ಮದುವೆಯಾಗಿರಲಿಲ್ಲ, ಒಡಹುಟ್ಟಿದವನು ತಮ್ಮ ಒಬ್ಬನೇ, ಅವನಿಗೆ ಚಿಕ್ಕಂದಿನಿಂದ ಫಿಟ್ಸ್. ಬಂದರಿನ ದವಾಖಾನೆಯ ಡಾಕ್ಟರು ಅವನನ್ನು ಹಿಂದಿನ ಕೋಣೆಯಲ್ಲಿ ಪರೀಕ್ಷಿಸಿ, ಚೀಟಿಯನ್ನು ಅಕ್ಕನ ಹೆಸರಿಗೆ ಬರೆದರು. ಯಾರಿಗೂ ಅದು ಮೋಸ ಅನ್ನಿಸಲಿಲ್ಲ. ಬಂದರಿನಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ ಅದು: ವೆಲ್ಡರ್‌ನ ಕಾರ್ಡಿನಲ್ಲಿ ಅವನ ಅತ್ತೆಯ ಮಂಡಿನೋವು, ವಾಚ್‌ಮನ್ ಕಾರ್ಡಿನಲ್ಲಿ ಅತ್ತಿಗೆಯ ಥೈರಾಯ್ಡ್. ದಾಖಲೆ ನಂಬುವುದಾದರೆ ಆ ಬಂದರಿನಲ್ಲಿ ಗಟ್ಟಿಮುಟ್ಟಾದ ಆಳು ಒಬ್ಬನೂ ಇರಲಿಲ್ಲ.

ಈಗ ವಿಮೆ ಬೇಕಾಗಿದ್ದೂ ತಮ್ಮನಿಗಾಗಿಯೇ. ತಾಯಿ ತೀರಿಕೊಂಡ ಮೇಲೆ ಅಕ್ಕ ಪಾಳಿಗೆ ಹೋದಾಗ ಅವನೊಬ್ಬನೇ ಮನೆಯಲ್ಲಿರುತ್ತಿದ್ದ. ಮಾತ್ರೆಯಿಂದ ಫಿಟ್ಸ್ ಕಡಿಮೆಯಾಗಿತ್ತೇ ಹೊರತು ನಿಂತಿರಲಿಲ್ಲ. ಹೋದ ತಿಂಗಳು ಒಲೆಯ ಪಕ್ಕ ಬಿದ್ದು ಮುಂಗೈ ಸುಟ್ಟುಕೊಂಡಿದ್ದ. ಒಂಟಿಯಾಗಿ ಇರಲಾಗದ ದೊಡ್ಡವರನ್ನು ನೋಡಿಕೊಳ್ಳುವ ಒಂದು ಆಶ್ರಯಧಾಮದಲ್ಲಿ ಜಾಗ ಖಾಲಿಯಾಗಿತ್ತು. ಸೇರಿಸಿದವರು ಸತ್ತರೂ ಖರ್ಚು ನಿಲ್ಲುವುದಿಲ್ಲ ಎಂಬ ಭರವಸೆಯನ್ನು ಅಲ್ಲಿನ ಮ್ಯಾನೇಜರ್ ಕೇಳಿದ್ದಳು: ದೊಡ್ಡ ಠೇವಣಿ, ಇಲ್ಲವೇ ಒಂದು ಜೀವವಿಮೆ. ಠೇವಣಿಯ ಮಾತು ಕ್ರೇನಕ್ಕ ಎತ್ತಲೇ ಇಲ್ಲ. ತಿಂಗಳ ಕೊನೆಯವರೆಗೆ ಜಾಗ ಹಿಡಿದಿಡುವುದಾಗಿ ಮ್ಯಾನೇಜರ್ ಒಪ್ಪಿದ್ದಳು.

“ಬೇರೆ ಕಂಪನಿಗೆ ಹಾಕಿದ್ರೆ?” ಎಂದು ಕ್ರೇನಕ್ಕ ಕೇಳಿದಳು.

“ಅವರೂ ಇದೇ ಪಟ್ಟಿ ತರಿಸ್ತಾರೆ. ಇದಕ್ಕೆ ಮೊದಲು ಯಾರಾದ್ರೂ ಬೇಡ ಅಂದಿದ್ದಾರಾ ಅಂತಾನೂ ಕೇಳ್ತಾರೆ. ಏನೂ ಕೇಳದೆ ಕೊಡೋ ಸಣ್ಣ ಪಾಲಿಸಿ ಇದೆ, ಅದರಲ್ಲಿ ಬರೋ ದುಡ್ಡು ನಿಮ್ಮ ಮಣ್ಣಿಗೆ ಸಾಕು, ಅಷ್ಟೇ.” ಅವನು ದನಿ ತಗ್ಗಿಸಿದ. “ಮಾತ್ರೆ ಕೊಟ್ಟ ಡಾಕ್ಟರು, ಇದು ಇವರಿಗಲ್ಲ, ತಮ್ಮನಿಗೆ ಅಂತ ಬರೆದುಕೊಟ್ರೆ ಮತ್ತೆ ನೋಡ್ತಾರೆ. ಅದೊಂದೇ ದಾರಿ.”

ಡಾಕ್ಟರು ನಿವೃತ್ತರಾಗಿ ಮಗಳ ಮನೆಯ ಮೇಲಿನ ಮಹಡಿಯಲ್ಲಿದ್ದರು; ಅವರ ಹಳೆಯ ಚೀಟಿಯನ್ನೇ ದವಾಖಾನೆ ಮುಂದುವರಿಸುತ್ತಿತ್ತು. ಬಾಗಿಲು ತೆಗೆದವರು ಗುರುತು ಹಿಡಿದು, “ನಮ್ಮ ದೊರೆ ಹೇಗಿದ್ದಾನೆ?” ಎಂದರು. ತಮ್ಮನನ್ನು ಅವರು ಹಾಗೆ ಕರೆಯುತ್ತಿದ್ದರು. ಕ್ರೇನಕ್ಕ ಕುರ್ಚಿಯ ತುದಿಯಲ್ಲಿ ಕೂತು ಎಲ್ಲ ಹೇಳಿದಳು. ಅವರು ಪೂರ್ತಿ ಕೇಳಿದರು.

“ಹಾಗೆ ಬರೆದ್ರೆ ಅಷ್ಟು ವರ್ಷ ನಾನು ಸುಳ್ಳು ಚೀಟಿ ಬರೆದೆ ಅಂತ ನಾನೇ ಒಪ್ಪಿದ ಹಾಗಾಗುತ್ತಮ್ಮ. ನನ್ನ ಪಿಂಚಣಿ ಹೋಗುತ್ತೆ. ಅದು ಹಾಗಿರಲಿ, ನಿನ್ನ ಕೆಲಸಾನೂ ಹೋಗುತ್ತೆ. ಕಾರ್ಡ್ ದುರುಪಯೋಗ ಅಂದ್ರೆ ಅವರು ಬಿಡಲ್ಲ.”

“ಗೊತ್ತು ಸಾರ್.”

“ಇನ್ನೊಂದು ಥರ ಬರೆದುಕೊಡಬಲ್ಲೆ. ನಿನಗೆ ಫಿಟ್ಸ್ ಇತ್ತು, ಮಾತ್ರೆಯಿಂದ ಪೂರ್ತಿ ಹಿಡಿತದಲ್ಲಿದೆ ಅಂತ. ಕಂತು ಜಾಸ್ತಿ ಮಾಡಿ ಪಾಲಿಸಿ ಕೊಡೋರು ಸಿಗಬಹುದು.”

“ಆ ಕಾಗದ ಕೊಟ್ಟ ಮೇಲೆ ನನ್ನನ್ನ ಕ್ರೇನ್ ಹತ್ತಿಸೋರು ಯಾರು ಸಾರ್?”

ಡಾಕ್ಟರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ಕ್ರೇನ್ ಇಲ್ಲದಿದ್ದರೆ ಸಂಬಳವಿಲ್ಲ, ಸಂಬಳವಿಲ್ಲದೆ ಕಂತಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

“ಒಳ್ಳೇದು ಮಾಡ್ತಿದ್ದೀನಿ ಅಂದ್ಕೊಂಡಿದ್ದೆ,” ಎಂದರು.

“ಮಾಡಿದ್ರಿ ಸಾರ್. ಇಲ್ಲದಿದ್ರೆ ಅವನು ಇಷ್ಟು ದಿನ ಇರ್ತಿರಲಿಲ್ಲ.” ಅವಳು ಮನಸ್ಸಿನಿಂದಲೇ ಹೇಳಿದಳು. ಚಹಾ ಕುಡಿದು ಹೋಗು ಎಂದರೂ ನಿಲ್ಲಲಿಲ್ಲ.

ಮನೆಯಲ್ಲಿ ತಮ್ಮ ಕಿಟಕಿಯ ಹತ್ತಿರ ಕೂತು ಪಕ್ಕದ ಮನೆಯವರ ರೇಡಿಯೊ ಬಿಚ್ಚಿ ಹರಡಿಕೊಂಡಿದ್ದ. “ಏನಕ್ಕ, ಮುಖ ಕಂಟೈನರ್ ಥರ ಮುಚ್ಕೊಂಡು ಬಂದಿದ್ದೀಯ,” ಎಂದ. ಅವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲದ ಅಕ್ಕ ಇದ್ದದ್ದು ಇದ್ದ ಹಾಗೆ ಹೇಳಿದಳು.

“ಅಂದ್ರೆ ಕಾಗದದ ಪ್ರಕಾರ ಫಿಟ್ಸ್ ನಿನಗೆ. ನನಗೇನೂ ಇಲ್ಲ.”

“ನಿನಗೇನೂ ಇಲ್ಲ.”

“ಹಾಗಾದ್ರೆ ವಿಮೆ ನನ್ನ ಹೆಸರಿಗೇ ಮಾಡಿಸು. ಜೀವಮಾನದಲ್ಲಿ ಒಂದು ಮಾತ್ರೆ ನುಂಗಿದ ದಾಖಲೆ ಇಲ್ಲ. ನನ್ನಂಥ ಗಂಡು ಅವರಿಗೆ ಎಲ್ಲಿ ಸಿಗ್ತಾನೆ?”

ಇಬ್ಬರೂ ನಕ್ಕರು. ಅವಳು ಹೆಚ್ಚು ಹೊತ್ತು ನಕ್ಕಳು, ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು.

“ಎಷ್ಟು ವರ್ಷ ಹಿಂದಿನದು ನೋಡ್ತಾರಂತೆ?” ಎಂದು ಅವನು ಕೂತಲ್ಲಿಂದಲೇ ಕೂಗಿ ಕೇಳಿದ.

“ಏಳು.”

“ಇವತ್ತಿಂದ ನಿಲ್ಲಿಸಿದ್ರೆ?”

“ಬಾಯಿ ಮುಚ್ಚು,” ಎಂದಳು ಅಕ್ಕ.

ಅವನು ಬಾಯಿ ಮುಚ್ಚಿದ. ಮಾತ್ರೆಗೂ ಬಾಯಿ ತೆರೆಯಲಿಲ್ಲ. ಅದು ಗೊತ್ತಾದದ್ದು ಕೆಲವು ದಿನಗಳ ಮೇಲೆ, ಅವಳು ಪಾಳಿ ಮುಗಿಸಿ ಕ್ರೇನಿನಿಂದ ಇಳಿದು ಫೋನ್ ನೋಡಿದಾಗ. ಪಕ್ಕದ ಮನೆಯಾಕೆ ಮೇಲಿಂದ ಮೇಲೆ ಕರೆ ಮಾಡಿದ್ದಳು. ಮನೆಗೆ ಬಂದರೆ ತಮ್ಮ ಹಾಸಿಗೆಯ ಮೇಲಿದ್ದ. ಕೆಳತುಟಿ ಸೀಳಿತ್ತು, ನಾಲಿಗೆ ಊದಿತ್ತು. ಒಂದಾದ ಮೇಲೊಂದು ಬಂತು, ಹಿಂದೆ ಯಾವತ್ತೂ ಹೀಗಾಗಿರಲಿಲ್ಲ ಎಂದಳು ಪಕ್ಕದ ಮನೆಯಾಕೆ.

ಆಕೆ ಹೋದ ಮೇಲೆ ತಮ್ಮ ದಿಂಬಿನ ಕೆಳಗಿನಿಂದ ಒಂದು ಕಾಗದದ ಪೊಟ್ಟಣ ತೆಗೆದ. ನುಂಗದೆ ಉಳಿಸಿದ ಮಾತ್ರೆಗಳು ಅದರಲ್ಲಿದ್ದವು. ಬಿಡಿಬಿಡಿಯಾಗಿ, ಕೆಲವು ಪುಡಿಯಾಗಿದ್ದವು.

“ಅಂಗಡಿಗೆ ವಾಪಸ್ ಕೊಡಕ್ಕ,” ಎಂದ. ನಾಲಿಗೆ ಸರಿಯಾಗಿ ಹೊರಳುತ್ತಿರಲಿಲ್ಲ. “ವಾಪಸ್ ಬಂತು ಅಂತ ಬರ್ಕೊಳ್ಳಲಿ. ನಿನ್ನ ಲೆಕ್ಕದಿಂದ ಕಳೀತಾರೆ.”

“ದಡ್ಡ,” ಎಂದಳು. ಬೈಯಲು ಬೇರೆ ಮಾತು ಸಿಗಲಿಲ್ಲ. ಒಡೆಯದೆ ಉಳಿದ ಮಾತ್ರೆ ಆರಿಸಿ, ತಲೆ ಎತ್ತಿ ಹಿಡಿದು ನುಂಗಿಸಿದಳು.

ತಿಂಗಳು ಮುಗಿಯುವ ಮೊದಲೇ ಆಶ್ರಯಧಾಮಕ್ಕೆ ಫೋನ್ ಮಾಡಿ ಜಾಗ ಬೇರೆಯವರಿಗೆ ಕೊಡಿ ಎಂದಳು. ಮ್ಯಾನೇಜರ್ ಕಾರಣ ಕೇಳಲಿಲ್ಲ, ಕಾಯುವವರು ಬೇಕಾದಷ್ಟಿದ್ದರು.

ತಮ್ಮನನ್ನು ಒಬ್ಬನೇ ಬಿಡಲು ಭಯವಾಗಿ, ಔಷಧಿ ಅಂಗಡಿಗೆ ಅವನನ್ನೂ ಕರೆದುಕೊಂಡು ಹೋದಳು. ಕಾರ್ಡಿಲ್ಲದೆ ದುಡ್ಡು ಕೊಟ್ಟು ಕೊಂಡರೆ ಎಷ್ಟಾಗುತ್ತದೆ ಎಂದು ಮೊದಲು ವಿಚಾರಿಸಿದಳು. ಅಲ್ಲಿಗೆ ಹೊಸದಾಗಿ ಬಂದಿದ್ದ ಅಂಗಡಿಯವನು ಹೇಳಿದ. ಅವಳು ಪರ್ಸಿನಿಂದ ಕಾರ್ಡ್ ತೆಗೆದು ಕೊಟ್ಟಳು.

ಅವನು ಪರದೆ ನೋಡಿದ, ಅವಳನ್ನು ನೋಡಿದ. “ಇದನ್ನ ತಗೊಳ್ಳೋರು ಎತ್ತರ ಹತ್ತಬಾರದು, ಗಾಡಿ ಓಡಿಸಬಾರದು. ಗೊತ್ತಲ್ವಾ?”

“ಗೊತ್ತು.”

“ಜೊತೇಲಿರೋರು ಯಾರು?”

“ತಮ್ಮ,” ಎಂದಳು.

ಅಂಗಡಿಯವನು ಅವಳನ್ನು ಬಿಟ್ಟು ಅವನ ಕಡೆ ತಿರುಗಿದ. “ಇವರನ್ನ ಮನೇಲಿ ಒಬ್ಬರನ್ನೇ ಬಿಡಬೇಡಿ. ಹೊತ್ತುಹೊತ್ತಿಗೆ ಮಾತ್ರೆ ನುಂಗಿದ್ರಾ ಅಂತ ನೀವೇ ನೋಡ್ಕೋಬೇಕು.”

“ನೋಡ್ಕೋತೀನಿ,” ಎಂದ ತಮ್ಮ. ತುಟಿಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ, ಮಾತು ನಿಧಾನವಾಗಿ ಬಂತು. “ನಾನು ಮನೇಲೇ ಇರ್ತೀನಿ. ಅವಳಿಗೆ ನಾನೊಬ್ಬನೇ ಇರೋದು.”

ಕ್ರೇನಕ್ಕ ರೋಗಿಯ ಸಹಿ ಎಂದಿದ್ದ ಕಡೆ ಸಹಿ ಹಾಕಿದಳು.